ಕುದಿಸಿ ಆರಿಸಿದ ನೀರು

ಹುಟ್ಟಿದ ಆರನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಮಗು ಹಸಿರು ವಾಂತಿ ಮಾಡಿತು.

ಮಗು ನನ್ನ ತಂಗಿ ಸುಜಾತಳದ್ದು. ಹೆರಿಗೆಗೆಂದು ಗಂಡನ ಊರು ಲಾಯಿಲದಿಂದ ಬೆಳುವಾಯಿಯ ನಮ್ಮ ಮನೆಗೆ ಬಂದಿದ್ದಳು. ಮೂಡುಬಿದಿರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾಗಿ ಮೂರನೆಯ ದಿನವೇ ಮನೆಗೆ ಕರೆತಂದಿದ್ದೆವು. ಹೆಣ್ಣು ಮಗು. ನಮ್ಮ ತುಳುನಾಡಿನ ಜೈನರ ಮನೆಗಳಲ್ಲಿ ಸಂತಾನ ಹೆಣ್ಣಿನ ಕಡೆಯಿಂದ ಮುಂದುವರಿಯುತ್ತದೆ. ನನಗೆ ಮದುವೆಯಾಗಿಲ್ಲ. ಹಾಗಾಗಿ ನೋಡಲು ಬಂದವರಿಗೆಲ್ಲ ಅಮ್ಮ, "ನಮ್ಮ ಮನೆಗೆ ಯಜಮಾನ್ತಿ ಬಂದಿದ್ದಾಳೆ" ಎಂದೇ ಹೇಳುತ್ತಿದ್ದರು.

"ಪಿತ್ತ ಇರಬೇಕು," ಎಂದರು ಅಮ್ಮ, ಬಟ್ಟೆ ನೋಡಿ. "ಸುಜಿ, ನೀನು ನಿನ್ನೆ ಎಂತ ತಿಂದದ್ದು?"

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಬಿ.ಎಸ್ಸಿ., ಬಿ.ಎಡ್. ಆ ಬಣ್ಣ ಹಾಲಿನದ್ದಲ್ಲ ಎಂದು ನನಗೆ ಕಂಡಿತ್ತು. ಪಾಚಿಯಂಥ ಹಸಿರು. ಆದರೂ ಇನ್ನೊಂದು ಸಲ ನೋಡುವ ಎಂದೆ. ಇನ್ನೊಂದು ಸಲವೂ ಆಯಿತು. ಮೂರನೆಯ ಸಲ ಆಗುವಾಗ ಹತ್ತು ಗಂಟೆ. ಆ ಮೂರು ಗಂಟೆಗಳನ್ನು ನಾನು ಈಗಲೂ ದಿನಕ್ಕೊಮ್ಮೆಯಾದರೂ ಹಿಂದಕ್ಕೆ ತಿರುಗಿಸಿ ನೋಡುತ್ತೇನೆ.

ಮೂಡುಬಿದಿರೆಯ ಡಾಕ್ಟರ್ ಮಗುವಿನ ಹೊಟ್ಟೆಯ ಮೇಲೆ ಒಮ್ಮೆ ಕೈಯಿಟ್ಟರು. ಬಟ್ಟೆ ನೋಡಿದರು. "ಮಂಗಳೂರಿಗೆ ಹೋಗಿ. ಈಗಲೇ," ಎಂದರು.

ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮುಗಿಸಿ ಹೊರಬಂದ ಸರ್ಜನ್, ಸುಜಾತಳ ಗಂಡ ಅಜಿತ್‌ನನ್ನೂ ನನ್ನನ್ನೂ ಬೆಂಚಿನ ಮೇಲೆ ಕೂರಿಸಿದರು. ಕರುಳು ತಿರುಚಿಕೊಂಡಿತ್ತು. ಅದಕ್ಕೆ ವಾಲ್ವ್ಯುಲಸ್ ಎನ್ನುತ್ತಾರೆ. ರಕ್ತ ಹೋಗದೆ ಸಣ್ಣ ಕರುಳಿನ ಹೆಚ್ಚಿನ ಭಾಗ ಕಪ್ಪಾಗಿತ್ತು. ಕಪ್ಪಾದದ್ದನ್ನೆಲ್ಲ ತೆಗೆಯಬೇಕಾಯಿತು.

"ಎಷ್ಟು ಉಳಿಯಿತು ಡಾಕ್ಟ್ರೇ?" ಎಂದು ಅಜಿತ್ ಕೇಳಿದ.

"ಮೂವತ್ತೆಂಟು ಸೆಂಟಿಮೀಟರ್."

ನನ್ನ ತರಗತಿಯ ಮಕ್ಕಳ ಸ್ಕೇಲು ಮೂವತ್ತು. ಅದರ ಮೇಲೆ ನನ್ನ ಒಂದು ಬೆರಳಿನಷ್ಟು ಇಟ್ಟು ನೋಡಿದೆ ಮನಸ್ಸಿನಲ್ಲೇ. ಹುಟ್ಟಿದ ಮಗುವಿಗೆ ಅದರ ಐದಾರು ಪಾಲು ಇರಬೇಕಾಗಿತ್ತು.

ಉಳಿದ ಕರುಳಿಗೆ ಹಾಲನ್ನು ಜೀರ್ಣಿಸಿ ಒಳಗೆ ಎಳೆದುಕೊಳ್ಳುವ ಶಕ್ತಿ ಸಾಲದು ಎಂದು ಡಾಕ್ಟರ್ ವಿವರಿಸಿದರು. ಇಂಟೆಸ್ಟಿನಲ್ ಫೇಲ್ಯೂರ್. ಆ ತುಂಡು ಕರುಳು ನಿಧಾನವಾಗಿ ಅಗಲವಾಗಿ, ಉದ್ದವಾಗಿ, ಕೆಲಸ ಕಲಿಯಬಹುದು. ತಿಂಗಳುಗಳು ಬೇಕು, ವರ್ಷಗಳೂ ಬೇಕಾಗಬಹುದು. ಕಲಿಯದೆಯೂ ಇರಬಹುದು. ಅಲ್ಲಿಯವರೆಗೆ ಆಹಾರ ರಕ್ತನಾಳದಿಂದ.

ನಾಲ್ಕು ತಿಂಗಳು ನಾವು ಅಲ್ಲಿದ್ದೆವು. ಕತ್ತಿನ ಪಕ್ಕದ ದೊಡ್ಡ ರಕ್ತನಾಳಕ್ಕೆ ಇಳಿಸಿದ ಸೆಂಟ್ರಲ್ ಲೈನಿನಲ್ಲಿ ಹಳದಿ ದ್ರವ ಒಂದು ಕಡೆಯಿಂದ, ಹಾಲಿನಂಥ ಬಿಳಿ ದ್ರವ ಇನ್ನೊಂದು ಕಡೆಯಿಂದ. ಎರಡು ಸಲ ಆ ಲೈನಿಗೆ ಇನ್‌ಫೆಕ್ಷನ್ ಆಯಿತು. ಎರಡು ಸಲ ತೆಗೆದು ಬೇರೆ ಕಡೆ ಹಾಕಿದರು. ಕೈ, ಕಾಲು, ತಲೆ, ಎಲ್ಲ ಕಡೆಯ ನರಗಳೂ ಸೂಜಿಯಿಂದ ಮುಗಿಯುತ್ತಾ ಬಂದವು. ಮೂಗಿನ ಮೂಲಕ ಹೊಟ್ಟೆಗೆ ಇಳಿಸಿದ ಟ್ಯೂಬಿನಲ್ಲಿ ಸುಜಾತಳ ಹಾಲನ್ನು ಗಂಟೆಗೆ ಒಂದು ಎಂ.ಎಲ್.ನಿಂದ ಶುರು ಮಾಡಿದರು. ಎರಡು. ಐದು. ಭೇದಿಯಾದರೆ ಮತ್ತೆ ಎರಡು. ಹತ್ತಕ್ಕೆ ಮುಟ್ಟಿದ ದಿನ ಸುಜಾತ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಅಷ್ಟು ದಿನ 'ಬೇಬಿ ಆಫ್ ಸುಜಾತಾ' ಎಂದಿತ್ತು. ಆ ವಾರ ಧೃತಿ ಎಂದು ಹೆಸರಿಟ್ಟೆವು.

ಆ ನಾಲ್ಕು ತಿಂಗಳಲ್ಲಿ ಅಮ್ಮ ಆಸ್ಪತ್ರೆಗೆ ಬಂದದ್ದು ಒಂದೇ ಸಲ. ಸೂರ್ಯ ಮುಳುಗಿದ ಮೇಲೆ ಅವರು ಏನೂ ತಿನ್ನುವುದಿಲ್ಲ. ಹೊರಗಿನದ್ದು ತಿನ್ನುವುದಿಲ್ಲ. ತಾವೇ ಬಟ್ಟೆಯಲ್ಲಿ ಸೋಸದ ನೀರು ಕುಡಿಯುವುದಿಲ್ಲ. ಮನೆಯಿಂದ ತಂದ ಬಾಟಲಿ ಖಾಲಿಯಾದಾಗ ಎದ್ದರು. "ನಾನಿಲ್ಲಿ ಇದ್ದರೆ ನಿಮಗೇ ಒಂದು ಕೆಲಸ. ಮನೆ ಸರಿ ಮಾಡಿಡ್ತೇನೆ," ಎಂದು ಹೇಳಿ ಬಸ್ ಹತ್ತಿದರು. ಮಗುವಿನ ಕೋಣೆಗೆ ಸುಣ್ಣ ಬಳಿಸಿದರು. ಹಳೆಯ ಬಿಳಿ ಸೀರೆಗಳನ್ನು ಕುದಿಸಿ, ಹರಿದು, ನೂರಕ್ಕೂ ಹೆಚ್ಚು ಬಟ್ಟೆ ಮಾಡಿಟ್ಟರು.

ಟ್ಯೂಬಿನ ಹಾಲೇ ಸಾಕು ಎಂದಾಗಿ ಲೈನ್ ತೆಗೆದ ಮೇಲೆ ಡಾಕ್ಟರ್ ಹೇಳಿದರು. "ವಾರ್ಡಿನಲ್ಲಿ ಇದ್ದಷ್ಟೂ ದಿನ ಇನ್‌ಫೆಕ್ಷನ್ನಿನ ಭಯ. ಮನೆಯಲ್ಲೇ ಇವಳು ಬೆಳೆಯಬೇಕು. ಆದರೆ ನೀವು ಕಲಿಯದೆ ನಾನು ಕಳಿಸುವುದಿಲ್ಲ."

ಕಲಿಸಿದವರು ಸಿಸ್ಟರ್ ಲವೀನಾ. ಬಂಟ್ವಾಳದ ಹತ್ತಿರದ ನರಿಕೊಂಬಿನವರು. ಮೊದಲು ಒಂದು ಗೊಂಬೆಯ ಮೇಲೆ, ಆಮೇಲೆ ಧೃತಿಯ ಮೇಲೆ. ಮೂಗಿನ ತುದಿಯಿಂದ ಕಿವಿಗೆ, ಕಿವಿಯಿಂದ ಹೊಟ್ಟೆಗೆ ಟ್ಯೂಬ್ ಅಳೆಯುವುದು. ಅದು ಹೊಟ್ಟೆಗೇ ಇಳಿದಿದೆಯೇ ಎಂದು ಸಿರಿಂಜಿನಲ್ಲಿ ಎಳೆದು ನೋಡುವುದು. ನಿಮಿಷಕ್ಕೆ ಆರು ಹನಿ. ಒದ್ದೆ ಬಟ್ಟೆಯನ್ನು ತೂಗಿ, ಒಣ ಬಟ್ಟೆಯ ತೂಕ ಕಳೆದು, ಎಷ್ಟು ಹೊರಗೆ ಹೋಯಿತು ಎಂದು ಬರೆಯುವುದು. ಅದಕ್ಕೆಂದೇ ಅಜಿತ್ ತನ್ನ ದಿನಸಿ ಅಂಗಡಿಯ ಸಣ್ಣ ತಕ್ಕಡಿ ತಂದುಕೊಟ್ಟ. ನೆತ್ತಿ ಕುಳಿ ಬಿದ್ದರೆ, ಆರು ಗಂಟೆ ಮೂತ್ರ ಹೋಗದಿದ್ದರೆ, ಬಟ್ಟೆಯ ತೂಕ ದಿನದ್ದಕ್ಕಿಂತ ಎರಡು ಪಾಲಾದರೆ, ಫೋನ್ ಕೂಡ ಮಾಡದೆ ಹೊರಡುವುದು.

"ನೀರು ಎಲ್ಲಿಯದ್ದು ಟೀಚರ್?"

"ಬಾವಿಯದ್ದು. ಹತ್ತು ನಿಮಿಷ ಕುದಿಸಿ, ಮುಚ್ಚಿ ಆರಿಸಿ, ಕುದಿನೀರಿನಲ್ಲಿ ತೊಳೆದ ಫ್ಲಾಸ್ಕಿಗೆ ತುಂಬಿಸಿ."

"ಯಾವುದಕ್ಕೆಲ್ಲ ಬೇಕು?"

"ಸುಜಿಯ ಹಾಲು ಸಾಲದಾಗ ಕೊಡುವ ಹಾಲಿನ ಪುಡಿಗೆ. ಟ್ಯೂಬ್ ತೊಳೆಯಲಿಕ್ಕೆ. ಓ.ಆರ್.ಎಸ್.ಗೆ."

"ನೂರಕ್ಕೆ ನೂರು," ಎಂದು ಸಿಸ್ಟರ್ ನಕ್ಕರು. "ನನಗೆ ನಿಮ್ಮಂಥ ಟೀಚರ್ ಸಿಕ್ಕಿದ್ದರೆ ನಾನು ಡಾಕ್ಟರೇ ಆಗ್ತಿದ್ದೆ."

ಮೂರು ದಿನ ಆಸ್ಪತ್ರೆಯ ಒಂದು ಕೋಣೆಯಲ್ಲಿ ನಾನು, ಸುಜಾತ ಎಲ್ಲವನ್ನೂ ನಾವೇ ಮಾಡಿದೆವು. ಸಿಸ್ಟರ್ ಕೈಕಟ್ಟಿ ನೋಡುತ್ತಾ ನಿಂತರು. ತಪ್ಪಾಗಲಿಲ್ಲ.

ಮನೆಗೆ ಬಂದೆವು.

ಹತ್ತು ದಿನ ಎಲ್ಲ ಲೆಕ್ಕದ ಹಾಗೆ ನಡೆಯಿತು. ಗೋಡೆಯ ಮೊಳೆಯಿಂದ ಹಾಲಿನ ಬಾಟಲಿ ತೂಗುತ್ತಿತ್ತು. ಸುಜಾತ ಹನಿ ಎಣಿಸುತ್ತಿದ್ದಳು. ನಾನು ಶಾಲೆಗೆ ಹೋಗುವ ಮೊದಲು ಮತ್ತು ಬಂದ ಮೇಲೆ ಬಟ್ಟೆ ತೂಗುತ್ತಿದ್ದೆ. ಅಡುಗೆಮನೆ ಅಮ್ಮನದ್ದು. ಬೆಳಿಗ್ಗೆ ಮಡಿಯುಟ್ಟು ಮಗುವಿನ ನೀರು ಕುದಿಸುವುದು ಅವರ ಮೊದಲ ಕೆಲಸ. ಗಡಿಯಾರ ನೋಡಿಯೇ ಕುದಿಸುತ್ತಿದ್ದರು. ನಾನು ಹತ್ತು ಎಂದರೆ ಅವರು ಹದಿನೈದು ನಿಮಿಷ.

ಹನ್ನೊಂದನೆಯ ದಿನ ಬೆಳಿಗ್ಗೆ ಮೊದಲ ಬಟ್ಟೆ ಭಾರವಿತ್ತು. ಎರಡನೆಯದ್ದು ಇನ್ನೂ ಭಾರ. ನೀರಿನ ಹಾಗೆ ಹೋಗುತ್ತಿತ್ತು.

ಶಾಲೆಯಲ್ಲಿ ಪರೀಕ್ಷೆ ಇತ್ತು. ನಾನು ಸೀರೆ ಉಟ್ಟಾಗಿತ್ತು. ಆದರೂ ಕೂತು, ಕಲಿತ ಹಾಗೆಯೇ, ಓ.ಆರ್.ಎಸ್. ಕಲಸಿ ಟ್ಯೂಬಿನಲ್ಲಿ ಬಿಟ್ಟೆ. ಅರ್ಧ ಗಂಟೆಗೊಮ್ಮೆ. ಸಿಸ್ಟರ್ ಬರೆಸಿದ ಅಳತೆಯಲ್ಲೇ. ಎರಡು ಗಂಟೆ ಹಾಗೆ ಮಾಡಿದೆ. ಬಿಟ್ಟದ್ದಕ್ಕಿಂತ ಹೆಚ್ಚು ಹೊರಗೆ ಬಂತು.

"ಅಕ್ಕ, ನೆತ್ತಿ ನೋಡು," ಎಂದಳು ಸುಜಾತ.

ಬೆರಳು ಇಟ್ಟೆ. ಒಳಗೆ ಹೋಯಿತು.

ಬೆಳುವಾಯಿ ಪೇಟೆಯಲ್ಲಿ ಹಮೀದಾಕನ ಬಾಡಿಗೆ ಓಮ್ನಿ ವ್ಯಾನ್ ಇತ್ತು. ಫೋನ್ ಮಾಡಿದ ಐದು ನಿಮಿಷಕ್ಕೆ ಅಂಗಳದಲ್ಲಿತ್ತು. "ಟೀಚರಮ್ಮ, ಗಟ್ಟಿ ಹಿಡ್ಕೊಳ್ಳಿ. ಹಾರನ್ ಹಾಕ್ತೇನೆ, ಹೆದರಬೇಡಿ," ಎಂದಷ್ಟೇ ಹೇಳಿದ. ಮಗು ಸುಜಾತಳ ತೊಡೆಯ ಮೇಲಿತ್ತು. ಕಣ್ಣು ಅರ್ಧ ತೆರೆದಿತ್ತು. ಒಣಗಿತ್ತು. ಗುರುಪುರದ ಸೇತುವೆಯ ಮೇಲೆ ಎದುರಿನಿಂದ ಒಂದು ಲಾರಿ ಬಂತು, ನಾವು ನಿಂತೆವು. ಆ ನಿಂತ ಒಂದು ನಿಮಿಷದಲ್ಲಿ ಮಗುವಿನ ಉಸಿರು ನನಗೆ ಕಾಣಿಸಲಿಲ್ಲ. ಕೆನ್ನೆಯನ್ನು ಮೂಗಿನ ಹತ್ತಿರ ಇಟ್ಟೆ. ಇತ್ತು.

ಕ್ಯಾಶುವಾಲ್ಟಿಯಲ್ಲಿ ನರ ಸಿಗಲಿಲ್ಲ. ಬಲಗೈ. ಎಡಗೈ. ಎರಡೂ ಪಾದ. ತಲೆಯ ಎರಡೂ ಬದಿ. ಆ ನಾಲ್ಕು ತಿಂಗಳಲ್ಲಿ ಎಲ್ಲವನ್ನೂ ಬಳಸಿ ಮುಗಿಸಿದ್ದರು. ಕೊನೆಗೆ ಮೊಣಕಾಲಿನ ಕೆಳಗೆ ಮೂಳೆಗೇ ದಪ್ಪ ಸೂಜಿ ತಿರುಗಿಸಿ ಇಳಿಸಿದರು.

ಮಗು ಅಳಲಿಲ್ಲ.

ಸುಜಾತ ಗೋಡೆಗೆ ಒರಗಿ ಕೂತುಬಿಟ್ಟಳು. ಮೂಳೆಯ ಮೂಲಕ ಸಲೈನ್ ಹೋಗತೊಡಗಿತು. ನಾನು ಮಗುವಿನ ಹೊಟ್ಟೆ ಏರಿ ಇಳಿಯುವುದನ್ನು ನೋಡುತ್ತಾ ನಿಂತೆ. ಕಣ್ಣು ಮಿಟುಕಿಸಿದರೆ ಅದು ನಿಲ್ಲುತ್ತದೆ ಎಂದು ನನಗೆ ಅನಿಸಿತ್ತು. ಸಂಜೆಯ ಹೊತ್ತಿಗೆ ಒಂದು ಚಮಚದಷ್ಟು ಮೂತ್ರ ಹೋಯಿತು. ಡಾಕ್ಟರ್ ಮೊದಲ ಸಲ ಕುರ್ಚಿಯಲ್ಲಿ ಕೂತರು.

ಮೂರನೆಯ ದಿನ ಸಿಸ್ಟರ್ ಲವೀನಾ ಬಂದರು. ರಿಪೋರ್ಟಿನಲ್ಲಿ ಕರುಳಿನ ಇನ್‌ಫೆಕ್ಷನ್ ಇತ್ತು. ನೀರಿನಿಂದಲೋ ಕೈಯಿಂದಲೋ ಬಂದದ್ದು.

"ಟೀಚರ್, ಬೇಜಾರು ಮಾಡಬೇಡಿ. ಬೆಳಿಗ್ಗೆಯಿಂದ ಮನೆಯಲ್ಲಿ ಎಂತೆಂತ ಆಗ್ತದೆ, ಒಂದೊಂದೇ ಹೇಳಿ. ಅಡುಗೆಮನೆಯಿಂದ ಶುರು ಮಾಡಿ."

ಹೇಳಿದೆ. ಅಮ್ಮ ಬಾವಿಯಿಂದ ನೀರು ಸೇದುತ್ತಾರೆ. ಕುದಿಸುತ್ತಾರೆ. ಮುಚ್ಚಿ ಆರಿಸುತ್ತಾರೆ. ಫ್ಲಾಸ್ಕಿಗೆ ತುಂಬಿಸುತ್ತಾರೆ.

"ಹೇಗೆ ತುಂಬಿಸ್ತಾರೆ?"

"ಪಾತ್ರೆಯಿಂದ ಸುರಿದು. ಫ್ಲಾಸ್ಕಿನ ಬಾಯಿಗೆ ಬಟ್ಟೆ ಇಟ್ಟು."

"ಯಾವ ಬಟ್ಟೆ?"

ಅಡುಗೆಮನೆಯ ಹಗ್ಗ ಕಣ್ಣ ಮುಂದೆ ಬಂತು.

ನಮ್ಮ ಮನೆಯಲ್ಲಿ ಬಟ್ಟೆಯ ಮೂಲಕ ಹಾಯದೆ ನೀರು ಯಾವ ಪಾತ್ರೆಗೂ ಇಳಿಯುವುದಿಲ್ಲ. ಕಣ್ಣಿಗೆ ಕಾಣದ ಜೀವ ನಮ್ಮ ಬಾಯಿಗೆ ಬಿದ್ದು ಸಾಯಬಾರದು ಎಂದು ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸುತ್ತೇವೆ. ಸೋಸಿದ ಮೇಲೆ ಬಟ್ಟೆಯನ್ನು ಮಗುಚಿ, ಅದೇ ಬಾವಿಯ ನೀರಿನಲ್ಲಿ ಜಾಲಿಸಿ, ಆ ನೀರನ್ನು ಮರಳಿ ಬಾವಿಗೆ ಬಿಡುತ್ತೇವೆ. ಬಟ್ಟೆಯಲ್ಲಿ ಉಳಿದ ಜೀವಗಳು ತಮ್ಮ ಮನೆಗೆ ಹೋಗಲಿ ಎಂದು. ಆಮೇಲೆ ಬಟ್ಟೆ ಅಡುಗೆಮನೆಯ ಹಗ್ಗದ ಮೇಲೆ. ಅಮ್ಮ ಕುದಿಸುವ ಮೊದಲೂ ಸೋಸುತ್ತಿದ್ದರು, ಕುದಿಸಿ ಆರಿಸಿದ ಮೇಲೂ ಸೋಸುತ್ತಿದ್ದರು. ಬಾವಿಯ ನೀರಿನಲ್ಲಿ ಒದ್ದೆಯಾದ ಅದೇ ಬಟ್ಟೆಯಲ್ಲಿ.

ನಾನು ಅದನ್ನು ಹತ್ತು ದಿನ ನೋಡಿದ್ದೆ. ಹುಟ್ಟಿದಂದಿನಿಂದ ನೋಡಿದ್ದೆ. ಒಂಬತ್ತನೆಯ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುವವಳು ನಾನು. ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುವವಳು. ಗಾಳಿ ಹೇಗೆ ಕಾಣುವುದಿಲ್ಲವೋ ಹಾಗೆ ಆ ಬಟ್ಟೆ ನನಗೆ ಕಂಡಿರಲಿಲ್ಲ. ಮತ್ತು ಆ ಬೆಳಿಗ್ಗೆ ನಾನು ಅರ್ಧ ಗಂಟೆಗೊಮ್ಮೆ ಬಿಟ್ಟ ಓ.ಆರ್.ಎಸ್. ಅದೇ ಫ್ಲಾಸ್ಕಿನ ನೀರಿನದ್ದು.

ಸಿಸ್ಟರ್ ನನ್ನ ಭುಜದ ಮೇಲೆ ಕೈಯಿಟ್ಟರು. "ನಾವು ನಿಮ್ಮಿಬ್ಬರಿಗೆ ಕಲಿಸಿದೆವು. ಒಲೆ ಹಚ್ಚುವವರಿಗೆ ಕಲಿಸಲಿಲ್ಲ. ನಮ್ಮದೂ ತಪ್ಪೇ," ಎಂದರು.

ಅಮ್ಮನಿಗೆ ಹೇಳಬೇಕಿತ್ತು. ಮಧ್ಯಾಹ್ನದ ಬಸ್ಸಿನಲ್ಲಿ ಊರಿಗೆ ಹೋದೆ. ಮೂಡುಬಿದಿರೆಯವರೆಗೆ ಮಾತು ಜೋಡಿಸಿದೆ, ಅಲ್ಲಿಂದ ಬೆಳುವಾಯಿಯವರೆಗೆ ಜೋಡಿಸಿದ್ದನ್ನೆಲ್ಲ ಬಿಟ್ಟೆ. ಅಮ್ಮ ಬಾವಿಕಟ್ಟೆಯ ಹತ್ತಿರ ನಿಂತಿದ್ದರು. ಕೊಡದ ಬಾಯಿಗೆ ಬಟ್ಟೆ ಇತ್ತು.

"ಮಗು ಹೇಗುಂಟು?"

"ಪರವಾಗಿಲ್ಲ. ಕಣ್ಣು ಬಿಡ್ತಾಳೆ."

"ಎಂತದರಿಂದ ಆದದ್ದಂತೆ?"

ನನ್ನ ಕಣ್ಣು ಎಲ್ಲಿ ಹೋಯಿತೋ, ಅಮ್ಮನ ಕಣ್ಣೂ ಅಲ್ಲಿಗೆ ಹೋಯಿತು.

"ಇದಾ?"

"ಕುದಿಸಿದ ಮೇಲೆ ಸೋಸಬಾರದಿತ್ತು, ಅಮ್ಮ. ನಾನು ಹೇಳಬೇಕಿತ್ತು."

ಅವರು ಅಳಲಿಲ್ಲ. ಬಟ್ಟೆಯನ್ನು ಬಿಚ್ಚಿ, ಎಂದಿನ ಹಾಗೆ ಮಗುಚಿ ಜಾಲಿಸಿ, ನೀರನ್ನು ಬಾವಿಗೆ ಬಿಟ್ಟು, ಹಿಂಡಿ ಹಗ್ಗದ ಮೇಲೆ ಹರವಿದರು. ಅಂಚು ಸರಿ ಮಾಡಿದರು. ಸೂರ್ಯ ಮುಳುಗಿದ ಮೇಲೆ ಊಟ ಮಾಡುವವರಲ್ಲ ಅವರು. ಆ ದಿನ ಮುಳುಗುವ ಮೊದಲೂ ಮಾಡಲಿಲ್ಲ.

"ಒಂದು ಇರುವೆ ತುಳಿದರೂ ಎರಡು ದಿನ ಮನಸ್ಸಿಗೆ ಸಮಾಧಾನ ಇರುವುದಿಲ್ಲ ನನಗೆ," ಎಂದರು ಆಮೇಲೆ, ಗೋಡೆಯ ಕಡೆ ನೋಡುತ್ತಾ. "ಇನ್ನು ಅವಳ ಕೆಲಸಕ್ಕೆ ನನ್ನ ಕೈ ಬೇಡ."

ನಾನು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಮಗುವಿನ ಪಾತ್ರೆಗಳನ್ನು ಒಂದು ಬುಟ್ಟಿಗೆ ತುಂಬಿ ನನ್ನ ಕೋಣೆಯಲ್ಲಿಟ್ಟರು. ತಾವು ಆ ಕೋಣೆಯ ಹೊಸ್ತಿಲು ದಾಟಲಿಲ್ಲ.

ಧೃತಿ ಚೇತರಿಸಿಕೊಳ್ಳಲು ಮೂರು ವಾರ ಬೇಕಾಯಿತು. ಮತ್ತೆ ಒಂದು ಎಂ.ಎಲ್.ನಿಂದ ಶುರು. ಬಿಡುಗಡೆಯ ಮಾತು ಬಂದಾಗ ಡಾಕ್ಟರ್ ಬೇಡವೆಂದು ತಲೆಯಾಡಿಸಿದರು. ಇಬ್ಬರು ಸಾಲದು, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಎಷ್ಟು ದಿನ ನಿದ್ದೆಗೆಡಲು ಸಾಧ್ಯ? ಅಜಿತ್‌ಗೆ ಅಂಗಡಿ. ನನಗೆ ಶಾಲೆ. ಮೂರನೆಯವರೊಬ್ಬರು ಕಲಿಯಲೇಬೇಕು. ಇಲ್ಲದಿದ್ದರೆ ಮಗು ವಾರ್ಡಿನಲ್ಲೇ ಇರಲಿ.

ವಾರ್ಡಿನಲ್ಲಿ ಇನ್ನೊಂದು ಇನ್‌ಫೆಕ್ಷನ್ ಬಂದರೆ ಇವಳು ತಡೆಯುವುದಿಲ್ಲ ಎಂದು ಅವರೇ ಹೇಳಿದ್ದರು.

ಅಜಿತ್ ಬೆಳುವಾಯಿಗೆ ಹೋದ. ಅಳಿಯ ಏನು ಹೇಳಿದನೋ, ಅತ್ತೆ ಏನು ಕೇಳಿದರೋ, ಇಬ್ಬರೂ ನಮಗೆ ಹೇಳಿಲ್ಲ. ಮರುದಿನ ಬೆಳಿಗ್ಗೆ ಅಮ್ಮ ವಾರ್ಡಿನ ಬಾಗಿಲಿನಲ್ಲಿ ನಿಂತಿದ್ದರು. ಕೈಯಲ್ಲಿ ಅವಲಕ್ಕಿಯ ಡಬ್ಬಿ, ಎರಡು ದೊಡ್ಡ ಬಾಟಲಿ ನೀರು.

ಸಿಸ್ಟರ್ ಅವರಿಗೆ ತುಳುವಿನಲ್ಲೇ ಕಲಿಸಿದರು. ಅಮ್ಮ ಪ್ರತಿಯೊಂದನ್ನೂ ಎರಡು ಸಲ ಕೇಳಿದರು. ನೀರಿನ ಪಾಠ ಬಂದಾಗ ತಡೆದು ಕೇಳಿದರು.

"ಕುದಿಸಿದ ನೀರಿನಲ್ಲಿ ಜೀವ ಇರುವುದಿಲ್ಲವಾ ಸಿಸ್ಟರ್? ಒಂದೂ?"

"ಇಲ್ಲ ಅಮ್ಮ. ಅದಕ್ಕೇ ಕುದಿಸುವುದು."

ಅಮ್ಮ ತಾವು ತಂದ ನೀರಿನ ಬಾಟಲಿಯ ಕಡೆ ನೋಡಿದರು. "ಹಾಗಾದರೆ ಯಾರನ್ನು ಉಳಿಸಲಿಕ್ಕೆ ಸೋಸುವುದು? ಉಳಿಸಲಿಕ್ಕೆ ಅಲ್ಲಿ ಯಾರೂ ಇಲ್ಲ." ಮತ್ತೆ ತಮಗೇ ಎಂಬಂತೆ, "ಬಾವಿಯಲ್ಲಿ ಸೋಸಿದ್ದು ಸಾಕು. ಆಮೇಲಿನದ್ದು ಅಭ್ಯಾಸ. ಧರ್ಮ ಅಲ್ಲ," ಎಂದರು.

ಸಿಸ್ಟರ್ ನನ್ನ ಕಡೆ ತಿರುಗಿದರು. "ಟೀಚರ್, ನಿಮಗಿಂತ ಅಮ್ಮನಿಗೆ ಎರಡು ಮಾರ್ಕು ಹೆಚ್ಚು."

ಅಮ್ಮ ನಗಲಿಲ್ಲ. ಕೈ ತೊಳೆದರು. ಮೊಣಕೈವರೆಗೆ, ಕಲಿಸಿದ ಹಾಗೆ. ಟ್ಯೂಬಿನ ಮುಚ್ಚಳ ಮೊದಲ ಸಲಕ್ಕೆ ತೆರೆದುಕೊಳ್ಳಲಿಲ್ಲ. ಸಿಸ್ಟರ್ ಸಹಾಯಕ್ಕೆ ಹೋಗಲಿಲ್ಲ. ನಾನು ಹೋಗಲು ನೋಡಿದೆ, ಕಣ್ಣಿನಲ್ಲೇ ತಡೆದರು. ಅಮ್ಮ ಸಿರಿಂಜಿನಲ್ಲಿ ಐದು ಎಂ.ಎಲ್. ನೀರು ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿ, ನಿಧಾನವಾಗಿ ಬಿಟ್ಟರು. ಹೊಸ್ತಿಲಾಚೆ ಉಳಿದಿದ್ದ ಅವರು ಅಷ್ಟು ದಿನಗಳ ಮೇಲೆ ಮೊದಲ ಸಲ ಮಗುವಿನ ಹೊಟ್ಟೆ ಮುಟ್ಟಿದರು.

ಈಗ ಮನೆಗೆ ಬಂದು ಎಂಟು ತಿಂಗಳಾಯಿತು. ಮತ್ತೆ ಎರಡು ಸಲ ಆಸ್ಪತ್ರೆಗೆ ಓಡಿದ್ದೇವೆ. ಧೃತಿಗೆ ಒಂದು ವರ್ಷ ದಾಟಿದೆ. ತೂಕ ಆರು ಕಿಲೋ. ಅವಳ ವಯಸ್ಸಿನ ಮಕ್ಕಳನ್ನು ಪೇಟೆಯಲ್ಲಿ ಕಂಡರೆ ಸುಜಾತ ಬೇರೆ ಕಡೆ ನೋಡುತ್ತಾಳೆ. ಈ ಕರುಳು ಪೂರ್ತಿ ಕಲಿಯುತ್ತದೆಯೇ ಎಂದು ಕೇಳಿದರೆ ಡಾಕ್ಟರ್, "ನೋಡುವ" ಎನ್ನುತ್ತಾರೆ. ನಾನು ಆ ಮಾತನ್ನು ಬಿಡಿಸಿ ನೋಡುವುದನ್ನು ನಿಲ್ಲಿಸಿದ್ದೇನೆ. ಶಾಲೆಯಲ್ಲಿ ಪಾಠದ ಮಧ್ಯೆ ಗುರುಪುರದ ಸೇತುವೆ ಬಂದು ನಿಂತುಬಿಡುತ್ತದೆ. ಮಕ್ಕಳು ಕಾಯುತ್ತಾರೆ.

ಕಳೆದ ತಿಂಗಳು ಡಾಕ್ಟರ್ ಒಂದು ಬದಲಾವಣೆ ಮಾಡಿದರು. ಹಗಲಿನ ಹನಿ ನಿಲ್ಲಿಸಿ, ಮೂರು ಗಂಟೆಗೊಮ್ಮೆ ಸಿರಿಂಜಿನಲ್ಲಿ ಕೊಡುವುದು. ಮಧ್ಯೆ ಕರುಳಿಗೆ ವಿರಾಮ. ಅಲ್ಲಿಯವರೆಗೆ ಹಗಲೂ ರಾತ್ರಿ ಹನಿ ನಿಂತದ್ದೇ ಇರಲಿಲ್ಲ.

ನಾಲ್ಕನೆಯ ದಿನ, ಭಾನುವಾರ ಬೆಳಿಗ್ಗೆ, ಹೊತ್ತಿಗೆ ಇನ್ನೂ ಮುಕ್ಕಾಲು ಗಂಟೆ ಇರುವಾಗ ಅವಳು ಅಳತೊಡಗಿದಳು. ನಾವು ಕೇಳಿರದ ಒಂದು ಅಳು. ನಾನು ಥರ್ಮಾಮೀಟರ್ ತಂದೆ, ಜ್ವರ ಇಲ್ಲ. ನೆತ್ತಿ ಮುಟ್ಟಿದೆ, ಸಮ ಇತ್ತು. ಸುಜಾತ ಬಟ್ಟೆ ಬಿಚ್ಚಿ ನೋಡಿದಳು, ಹೊಟ್ಟೆ ಒತ್ತಿ ನೋಡಿದಳು, ಟ್ಯೂಬ್ ಎಳೆದು ನೋಡಿದಳು. ಯಾವುದರಲ್ಲೂ ತಪ್ಪಿರಲಿಲ್ಲ. ಅಳು ಏರುತ್ತಲೇ ಇತ್ತು. "ಹಮೀದಾಕನಿಗೆ ಫೋನ್ ಮಾಡುವನಾ ಅಕ್ಕ?" ಎಂದಳು ಸುಜಾತ, ಅವಳ ಮುಖ ಬಿಳಿಚಿತ್ತು. ನಾನು ಫೋನಿನ ಹತ್ತಿರ ಹೋಗಿದ್ದೆ.

ಅಮ್ಮ ಅಡುಗೆಮನೆಯಿಂದ ಕೈ ಒರೆಸುತ್ತಾ ಬಂದರು. ಮಗುವಿನ ಬಾಯಿಯ ಹತ್ತಿರ ಬೆರಳು ಹಿಡಿದರು. ಅವಳು ತಲೆ ತಿರುಗಿಸಿ ಬೆರಳನ್ನು ಹುಡುಕಿದಳು.

"ಎಂತ ಮಾರಾಯ್ತಿ ನೀವಿಬ್ಬರು," ಎಂದರು ಅಮ್ಮ. "ಅವಳಿಗೆ ಹಸಿವು."

ಸುಜಾತ ಹಾಸಿಗೆಯ ಅಂಚಿನಲ್ಲಿ ಕೂತಳು. ನಾನು ಕೈಯಲ್ಲಿದ್ದ ರಿಸೀವರನ್ನು ಮೆಲ್ಲಗೆ ಕೆಳಗಿಟ್ಟೆ. ಹಾಲು ಅಳೆಯಬೇಕಿತ್ತು, ಸಿರಿಂಜ್ ತೊಳೆಯಬೇಕಿತ್ತು. ಆದರೂ ಯಾರೂ ಎದ್ದು ಹೋಗಲಿಲ್ಲ. ಮೂವರೂ ಸ್ವಲ್ಪ ಹೊತ್ತು ಅವಳು ಅಳುವುದನ್ನು ಕೇಳುತ್ತಾ ಹಾಗೆಯೇ ಇದ್ದೆವು.